ವಾಕಿಂಗ್ ಪೂರ್ತಿ ನಿಲ್ಲಿಸಬೇಡಿ

ನಿಮ್ಮ 8 ವರ್ಷದ ಲ್ಯಾಬ್ರಡಾರ್ ನಾಯಿಗೆ ಹಿಪ್ ಡಿಸ್‌ಪ್ಲೇಸಿಯಾ ಇದೆ, ಹಿಂದಿನ ತೊಡೆ ಸಣ್ಣಗಾಗುತ್ತಿದೆ, ವಾಕಿಂಗ್ ನಿಲ್ಲಿಸಲಾ ಅಂತ ಕೇಳಿದ್ದೀರಿ. ಡಾಕ್ಟರ್ ಬೇಡ ಅನ್ನದಿದ್ದರೆ ದಯವಿಟ್ಟು ನಿಲ್ಲಿಸಬೇಡಿ.

ಈ ತೊಂದರೆಯಲ್ಲಿ ತೊಡೆಮೂಳೆಯ ಗುಂಡು ಸೊಂಟದ ಬಟ್ಟಲಲ್ಲಿ ಸರಿಯಾಗಿ ಕೂರುವುದಿಲ್ಲ. ಹಾಗಾಗಿ ಸುತ್ತಲಿನ ಸ್ನಾಯುಗಳೇ ಕೀಲಿಗೆ ದೊಡ್ಡ ಆಸರೆ. ನೋವಾದಾಗ ನಾಯಿ ಹೆಚ್ಚು ಭಾರವನ್ನು ಮುಂಗಾಲಿಗೆ ಹಾಕುತ್ತದೆ. ಹಿಂಗಾಲಿಗೆ ಕೆಲಸ ಕಡಿಮೆಯಾಗಿ ಸ್ನಾಯು ಕರಗುತ್ತದೆ. ನೀವು ನೋಡುತ್ತಿರುವುದು ಬಹುಶಃ ಇದನ್ನೇ.

ಒಂದೇ ಸಲ ದೂರ ನಡೆಸುವ ಬದಲು 10 ನಿಮಿಷದಂತೆ ಮೂರು ಸಲ, ಬೆಲ್ಟ್ ಹಾಕಿ ನಿಧಾನವಾಗಿ ನಡೆಸಿ. ಮರುದಿನ ಕುಂಟುವುದು ಜಾಸ್ತಿಯಾದರೆ ಸಮಯ ಇಳಿಸಿ. ಚೆಂಡು ಎಸೆದು ಓಡಿಸುವುದು, ಸೋಫಾ ಹತ್ತಿಸುವುದು ಬೇಡ. ಹತ್ತಿರದಲ್ಲಿ ಹೈಡ್ರೋಥೆರಪಿ (ನೀರಿನಲ್ಲಿ ಮಾಡಿಸುವ ವ್ಯಾಯಾಮ) ಸಿಕ್ಕರೆ ಖಂಡಿತ ಕೇಳಿ ನೋಡಿ. ನೀರು ಮೈಭಾರ ಹೊರುತ್ತದೆ, ಕೀಲಿಗೆ ಪೆಟ್ಟಾಗದೆ ಸ್ನಾಯು ದುಡಿಯುತ್ತದೆ.

ನಮ್ಮ ಮನೆಗಳ ಗ್ರಾನೈಟ್, ಟೈಲ್ಸ್ ನೆಲ ಇಂಥ ನಾಯಿಗಳಿಗೆ ನಿಜಕ್ಕೂ ಕಷ್ಟ, ಅಲ್ವಾ? ಅದು ಓಡಾಡುವ ಕಡೆ ಜಾರದ ಮ್ಯಾಟ್ ಹಾಸಿ, ಇವತ್ತೇ. ತೂಕ ಜಾಸ್ತಿ ಇದ್ದರೆ ಊಟ ಕಡಿಮೆ ಮಾಡಿ.

ನೋವು ನೋಡಲಾಗದೆ ನಮ್ಮ ಮಾತ್ರೆ ಕೊಟ್ಟುಬಿಡಬೇಡಿ. ಐಬುಪ್ರೊಫೆನ್ ನಾಯಿಗೆ ವಿಷ. ಪಾದ ಮಡಚಿ ಉಗುರು ನೆಲಕ್ಕೆ ಉಜ್ಜುತ್ತಿದ್ದರೆ ನರದ ತೊಂದರೆ ಇರಬಹುದು, ಕಾಯದೆ ತೋರಿಸಿ.