ಮೈಕ್, ಸ್ಟುಡಿಯೋ ಏನೂ ಇಲ್ಲದ ಶಾಲೆಯಲ್ಲಿ ಮಕ್ಕಳ ಕೈಲಿ ಪಾಡ್‌ಕಾಸ್ಟ್ ಮಾಡಿಸಬಹುದಾ? ಪಾಠಕ್ಕೆ ಉಪಯೋಗ ಆಗುತ್ತಾ?

ಖಂಡಿತ ಮಾಡಿಸಬಹುದು, ಉಪಯೋಗವೂ ಇದೆ. ನಾನು ಕೋಲಾರ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತೇನೆ. 3 ವರ್ಷದಿಂದ ಒಂಬತ್ತನೇ ತರಗತಿಯವರಿಂದ ಇದನ್ನು ಮಾಡಿಸುತ್ತಿದ್ದೇನೆ. ನಮ್ಮ ಹತ್ತಿರ ಇರುವುದು ನನ್ನ ಫೋನು, ಒಂದು ಹಳೇ ಕಂಪ್ಯೂಟರು, ಅದರಲ್ಲಿ ರೆಕಾರ್ಡಿಂಗ್ ಕತ್ತರಿಸಿ ತಿದ್ದಲು ಆಡಾಸಿಟಿ ಅನ್ನೋ ಉಚಿತ ಸಾಫ್ಟ್‌ವೇರ್. ಅಷ್ಟೇ.

ಮೊದಲ ವರ್ಷ ಚೆನ್ನಾಗಿ ಆಗಲಿಲ್ಲ. "ನೀರಿನ ಮಹತ್ವ" ಅಂತ ವಿಷಯ ಕೊಟ್ಟಿದ್ದೆ. ಮಕ್ಕಳು ಗೈಡ್ ನೋಡಿ ಬರೆದುಕೊಂಡು ಬಂದು ಒಂದೇ ಉಸಿರಲ್ಲಿ ಓದಿದರು. ಪ್ರಬಂಧವನ್ನು ರೆಕಾರ್ಡ್ ಮಾಡಿದರೂ ಅದು ಪ್ರಬಂಧವೇ ಅಲ್ವಾ?

ಮುಂದಿನ ವರ್ಷ "ನಿಮ್ಮೂರ ಕೆರೆ ಬಗ್ಗೆ ಮನೆಯ ಹಿರಿಯರನ್ನು ಕೇಳಿಕೊಂಡು ಬನ್ನಿ" ಅಂದೆ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ನಮ್ಮ ಜಿಲ್ಲೆಯ ಕೆರೆಗಳಿಗೆ ಬಿಡುತ್ತಿದ್ದಾರೆ. ಬೋರ್‌ವೆಲ್‌ನಲ್ಲಿ ಮತ್ತೆ ನೀರು ಕಂಡೆವು ಅನ್ನುವವರೂ ಇದ್ದಾರೆ, ಆ ನೀರು ಬೇಡ ಅನ್ನುವವರೂ ಇದ್ದಾರೆ. ಹಾಗಾಗಿ ಕೆರೆ ಅಂದರೆ ಸಾಕು, ಎಲ್ಲರ ಮನೆಯಲ್ಲೂ ಮಾತು ಶುರುವಾಗುತ್ತದೆ.

ಒಬ್ಬ ಹುಡುಗಿ ತನ್ನ ತಾತನನ್ನು ಮಾತಾಡಿಸಿದಳು. ತಾತನ ಅಪ್ಪ ನೀರುಗಂಟಿ. ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡಿಕೊಳ್ಳುವ ಕೆಲಸ. ತಾತ ಮಾತಾಡಿದ್ದು ತೆಲುಗಿನಲ್ಲಿ. ನಮ್ಮ ಕಡೆ ಮನೆಮಾತು ತೆಲುಗು ಇರುವ ಮಕ್ಕಳು ಜಾಸ್ತಿ. ತಾತನ ಒಂದೆರಡು ಮಾತು ಕೇಳಿಸಿ, ಆಮೇಲೆ ಅದನ್ನು ಕನ್ನಡದಲ್ಲಿ ಹೇಳುವುದು ಅಂತ ಅವಳೇ ಗೊತ್ತು ಮಾಡಿಕೊಂಡಳು. "ಮರವ ಪಾರಿಂದಿ" ಅಂದಿದ್ದರು ತಾತ. ಇವಳು "ಕೆರೆ ನೀರು ಹೊರಗೆ ಹೋಯಿತು" ಅಂತ ಹೇಳಿದ್ದಳು. ತನ್ನ ದನಿಯಲ್ಲೇ ಅದನ್ನು ಕೇಳಿದಾಗ ಅವಳಿಗೇ ಸಪ್ಪೆ ಅನ್ನಿಸಿತು. ಹಿಂದಿನ ಬೆಂಚಿನ ಹುಡುಗ "ಕೋಡಿ ಬಿತ್ತು ಅನ್ನಬೇಕು ಕಣೇ" ಅಂದ. ಅಳಿಸಿ ಮತ್ತೆ ರೆಕಾರ್ಡ್ ಮಾಡಿದಳು. ಸಮಾಧಾನ ಆಗದೆ ಇನ್ನೊಂದು ಸಲ ಮಾಡಿದಳು.

ನನಗೆ ಬೇಕಾಗಿದ್ದದ್ದು ಇದೇ. ನೋಟ್‌ಬುಕ್ಕಿನಲ್ಲಿ ಕೆಂಪು ಇಂಕಿನಲ್ಲಿ ತಿದ್ದಿ ಕೊಟ್ಟರೆ ಮಕ್ಕಳು ಮಾರ್ಕ್ಸ್ ನೋಡಿ ಮುಚ್ಚಿಡುತ್ತಾರೆ. ತಮ್ಮ ದನಿ ತಾವೇ ಕೇಳಿದರೆ, ಯಾರೂ ಹೇಳದೆ ವಾಕ್ಯ ಬದಲಾಯಿಸುತ್ತಾರೆ.

ಉಚ್ಚಾರದ ವಿಷಯದಲ್ಲಿ ಮಾತ್ರ ದಯವಿಟ್ಟು ಹುಷಾರಾಗಿರಿ. "ಹಾಲು" ಬದಲು "ಆಲು" ಅನ್ನುವ ಮಗುವನ್ನು ಎಲ್ಲರೆದುರು ತಿದ್ದಿದರೆ ಆ ಮಗು ಮತ್ತೆ ಫೋನ್ ಹತ್ತಿರ ಬರುವುದಿಲ್ಲ. ಮನೆಯವರ ಮಾತು ಹೇಗಿದೆಯೋ ಹಾಗೇ ಇರಲಿ. ಮಗು ತಾನು ಬರೆದು ಓದುವ ಭಾಗವನ್ನಷ್ಟೇ ಜೊತೆಯಲ್ಲಿ ಕೂತು ಅಭ್ಯಾಸ ಮಾಡಿಸುತ್ತೇನೆ. ದನಿಗೆ ಅಂಕ ಕೊಡುವುದಿಲ್ಲ. ಕೇಳಿದ ಪ್ರಶ್ನೆಗೆ, ಬರೆದ ಸ್ಕ್ರಿಪ್ಟಿಗೆ ಕೊಡುತ್ತೇನೆ.

ಇನ್ನು ರೆಕಾರ್ಡಿಂಗ್. 3 ನಿಮಿಷಕ್ಕೆ ಸುಮಾರು 300 ಪದ ಸಾಕು. ಫ್ಯಾನ್ ಆಫ್ ಮಾಡಿ, ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಪಕ್ಕಕ್ಕೆ ಹಿಡಿಯಲಿ. ನೇರ ಹಿಡಿದರೆ ಪ, ಫ, ಭ ಬಂದಾಗೆಲ್ಲ ಉಸಿರು ಬಡಿದು ಬುಸ್ ಅನ್ನುತ್ತದೆ. ಶೀಟಿನ ಚಾವಣಿಯ ಖಾಲಿ ಕೋಣೆಯಲ್ಲಿ ದನಿ ಮಾರ್ದನಿಸುತ್ತದೆ, ಪುಸ್ತಕದ ಬೀರುಗಳಿರುವ ಕೋಣೆ ವಾಸಿ. ಶುರುವಿನಲ್ಲಿ 5 ಸೆಕೆಂಡ್ ಸುಮ್ನೆ ಇರಲಿ. ಆ ಮೌನದ ತುಣುಕನ್ನು ಆಡಾಸಿಟಿಗೆ ತೋರಿಸಿದರೆ, ಅದರಲ್ಲಿರುವ ಗುಂಯ್ ಅನ್ನೋ ಸದ್ದನ್ನು ಇಡೀ ರೆಕಾರ್ಡಿಂಗಿನಿಂದ ತಗ್ಗಿಸುತ್ತದೆ.

ಸಲಕರಣೆ ಇಲ್ಲ ಅಂತ ಹಿಂಜರಿಯಬೇಡಿ. ನಮ್ಮದೇ ಜಿಲ್ಲೆಯ ಬೂದಿಕೋಟೆಯಲ್ಲಿ "ನಮ್ಮ ಧ್ವನಿ" ಅನ್ನೋ ಸಮುದಾಯ ರೇಡಿಯೋ ಶುರುವಾದಾಗ ಹಳ್ಳಿಯ ಸಂಘಗಳಿಗೆ ರೇಡಿಯೋ ಲೈಸೆನ್ಸೇ ಕೊಡುತ್ತಿರಲಿಲ್ಲ. ಅದಕ್ಕೆ ಅವಕಾಶ ಆಗಿದ್ದು 2006ರಲ್ಲಿ. ಅಲ್ಲಿಯವರೆಗೆ ಕಾಯದೆ, ಕೇಬಲ್ ಟಿವಿಯ ತಂತಿಯಲ್ಲೇ ತಮ್ಮ ಕಾರ್ಯಕ್ರಮವನ್ನು ಮನೆಮನೆಗೆ ಮುಟ್ಟಿಸಿದರು. ಇದನ್ನು ಹೇಳಿದಾಗ ನಮ್ಮ ಮಕ್ಕಳ ಮುಖ ನೋಡಬೇಕಿತ್ತು.

ಇಂಟರ್ನೆಟ್ಟಿಗೆ ಹಾಕಲು ಅವಸರ ಬೇಡ. ನಾನು ಕ್ಲಾಸಿನಲ್ಲಿ ಸ್ಪೀಕರ್ ಇಟ್ಟು ಕೇಳಿಸುತ್ತೇನೆ, ಅಪ್ಪ ಅಮ್ಮ ಒಪ್ಪಿದರೆ ಅವರ ವಾಟ್ಸಾಪ್ ಗುಂಪಿಗೆ ಕಳಿಸುತ್ತೇನೆ. ಮಾತಾಡಿದ ಹಿರಿಯರನ್ನೂ ಮೊದಲೇ ಕೇಳಿರುತ್ತೇವೆ.

ಮೊದಲ ವಾರ 1 ನಿಮಿಷದ್ದು ಮಾಡಿಸಿ. ನಾಲ್ಕು ಮಕ್ಕಳ ಗುಂಪು, ಒಬ್ಬ ಹಿರಿಯರು, ಒಂದೇ ಪ್ರಶ್ನೆ. ಪ್ರಶ್ನೆಯನ್ನು ಮಕ್ಕಳೇ ಬರೆಯಲಿ, ನೀವು ಬರೆದುಕೊಡಬೇಡಿ.