ದ್ವೀಪದಲ್ಲಿ ಕೂತು ಬರೆಯುವುದು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಕಳೆದ ಶತಮಾನದ ಐವತ್ತು, ಅರವತ್ತರ ದಶಕಗಳಲ್ಲಿ ಗ್ರೀಸಿನ ಪುಟ್ಟ ದ್ವೀಪ ಹೈಡ್ರಾದಲ್ಲಿ ಅನೇಕ ಲೇಖಕರು ಮನೆ ಮಾಡಿಕೊಂಡಿದ್ದರಂತೆ. ಬರವಣಿಗೆಗೆ ಬೇಕಾದ ಏಕಾಂತ ಅವರಿಗೆ ಅಲ್ಲಿ ದೊರೆಯಿತೆ?

ಉತ್ತರ: ದೊರೆಯಲಿಲ್ಲ ಎಂದೇ ಹೇಳಬೇಕು. ಅವರು ಅರಸಿ ಹೋದದ್ದು ಏಕಾಂತಕ್ಕಿಂತ ಹೆಚ್ಚಾಗಿ ಅಗ್ಗದ ಬದುಕನ್ನು. ಆಸ್ಟ್ರೇಲಿಯಾದ ಲೇಖಕ ದಂಪತಿ ಜಾರ್ಜ್ ಜಾನ್‌ಸ್ಟನ್ ಮತ್ತು ಚಾರ್ಮಿಯನ್ ಕ್ಲಿಫ್ಟ್ 1954ರ ಕೊನೆಯಲ್ಲಿ ಲಂಡನ್ನಿನ ಪತ್ರಿಕಾ ಉದ್ಯೋಗಕ್ಕೆ ಬೆನ್ನು ತಿರುಗಿಸಿ, ಇಬ್ಬರು ಮಕ್ಕಳೊಂದಿಗೆ ಮೊದಲು ಕಾಲಿಮ್ನೋಸ್ ದ್ವೀಪಕ್ಕೂ ಮರುವರ್ಷ ಹೈಡ್ರಾಕ್ಕೂ ಬಂದರು. 1956ರಲ್ಲಿ ಅವರಿಗೆ ಮೂರನೆಯ ಮಗು ಅಲ್ಲಿಯೇ ಹುಟ್ಟಿತು. ಅಂಥ ಮನೆಯಲ್ಲಿ ಏಕಾಂತ ಎಲ್ಲಿಂದ ಬರಬೇಕು? 1960ರಲ್ಲಿ ಬಂದ ಕೆನಡಾದ ಲೆನರ್ಡ್ ಕೋಹೆನ್ ಆಗಿನ್ನೂ ಕವಿ. ಗಾಯಕರೆಂಬ ಹೆಸರು ಬಂದದ್ದು ಆಮೇಲೆ. ಅಜ್ಜಿ ಬಿಟ್ಟುಹೋದ ಹಣದಿಂದ 1,500 ಡಾಲರಿಗೆ ಅವರು ಕೊಂಡ ಮನೆಯಲ್ಲಿ ವಿದ್ಯುತ್ತೂ ಇರಲಿಲ್ಲ, ನಲ್ಲಿ ನೀರೂ ಇರಲಿಲ್ಲ.

ಬಂದರಿನ ಪಕ್ಕದ ಕತ್ಸಿಕಾಸ್ ಕುಟುಂಬದ ದಿನಸಿ ಅಂಗಡಿಯೇ ಈ ಪರದೇಶಿಗಳ ಸಭಾಮಂಟಪವಾಗಿತ್ತು. ಸಾಮಾನು ಸಾಲಕ್ಕೆ ಸಿಗುತ್ತಿತ್ತು. ಯಾರಿಗೆ ಚೆಕ್ ಬಂತು, ಯಾರ ಹಸ್ತಪ್ರತಿ ಮರಳಿ ಬಂತು, ಯಾರ ಮನೆಯಲ್ಲಿ ಜಗಳವಾಯಿತು ಎಂಬುದು ಅಲ್ಲಿ ಕೂತವರಿಗೆಲ್ಲ ತಿಳಿಯುತ್ತಿತ್ತು. ಮೋಟಾರು ವಾಹನಗಳಿಗೆ ಇಂದಿಗೂ ಬಹುಮಟ್ಟಿಗೆ ನಿಷೇಧವಿರುವ, ಹೇರುಗತ್ತೆಗಳೇ ಸಾಮಾನು ಹೊರುವ ಊರಿನಲ್ಲಿ ಗದ್ದಲ ಕಡಿಮೆ ಇದ್ದೀತು, ಆದರೆ ಕಣ್ಣು ತಪ್ಪಿಸಿ ಬಾಳುವುದು ಸಾಧ್ಯವಿರಲಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಅವರ ಬರವಣಿಗೆಯನ್ನು ಬೆಳೆಸಿದ್ದು ಈ ಇಕ್ಕಟ್ಟೇ. ದ್ವೀಪಗಳಿಗೆ ಬಂದ ಮೊದಲ ವರ್ಷಗಳನ್ನು ಕುರಿತು ಕ್ಲಿಫ್ಟ್ ಬರೆದ ಎರಡು ಪುಸ್ತಕಗಳಲ್ಲಿ ಸೂರ್ಯಾಸ್ತಗಳಿಗಿಂತ ನೆರೆಹೊರೆಯವರು, ನೀರಿನ ಪಾಡು ಮತ್ತು ಹಣದ ಚಿಂತೆ ಹೆಚ್ಚು ಜಾಗ ಪಡೆದಿವೆ.

ಇನ್ನೊಂದು ಸಂಗತಿಯನ್ನು ಹೈಡ್ರಾದ ಕಥೆ ಹೇಳುವವರು ಬೇಗನೆ ದಾಟಿಬಿಡುತ್ತಾರೆ. ಕ್ಷಯರೋಗಕ್ಕೆ ತುತ್ತಾದ ಜಾನ್‌ಸ್ಟನ್ ಆ ದ್ವೀಪದಲ್ಲಿ ಕೂತು ಬರೆದ ಅತ್ಯುತ್ತಮ ಕಾದಂಬರಿ ದ್ವೀಪದ್ದಲ್ಲ, ತಮ್ಮ ಬಾಲ್ಯದ ಮೆಲ್ಬರ್ನಿನದು. 1964ರಲ್ಲಿ ಅದು ಪ್ರಕಟವಾಗಿ ಆಸ್ಟ್ರೇಲಿಯಾದ ಮೈಲ್ಸ್ ಫ್ರಾಂಕ್ಲಿನ್ ಪ್ರಶಸ್ತಿಯನ್ನೂ ಪಡೆಯಿತು. ಅದು ರೂಪುಗೊಳ್ಳುವಾಗ ಕ್ಲಿಫ್ಟ್ ತಮ್ಮ ಬರವಣಿಗೆಯನ್ನು ಬದಿಗಿಟ್ಟು ಗಂಡನ ನೆನಪುಗಳಿಗೆ ಕಿವಿಯಾದರು. ಆ ತ್ಯಾಗಕ್ಕೆ ಯಾವ ಪ್ರಶಸ್ತಿಯೂ ಬರಲಿಲ್ಲ.

ಪ್ರಶ್ನೆ: ದೂರವಾಣಿಯೂ ಅಪರೂಪವಾಗಿದ್ದ ಆ ಕಾಲದಲ್ಲಿ ದ್ವೀಪದ ಲೇಖಕರಿಗೆ ಸುದ್ದಿ ಹೇಗೆ ತಲುಪುತ್ತಿತ್ತು? ಅವರು ಬರೆಯುತ್ತಿದ್ದ ಸುದ್ದಿ ಎಂಥದು?

ಉತ್ತರ: ಸುದ್ದಿ ಹಡಗಿನಲ್ಲಿ ಬರುತ್ತಿತ್ತು. ಅಥೆನ್ಸಿನ ಬಂದರು ಪಿರೇಯಸ್‌ನಿಂದ ಹೊರಟ ಹಡಗು ಅಂಚೆಚೀಲ, ಪತ್ರಿಕೆ, ಅತಿಥಿಗಳನ್ನೆಲ್ಲ ಒಟ್ಟಿಗೆ ತಂದು ಇಳಿಸುತ್ತಿದ್ದುದರಿಂದ, ಅದು ಬರುವ ಹೊತ್ತಿಗೆ ಕೆಲಸ ಬಿಟ್ಟು ದಡಕ್ಕೆ ಇಳಿಯದ ಲೇಖಕರು ವಿರಳ. ಪ್ರಕಾಶಕರ ಒಂದು ಪತ್ರಕ್ಕೆ ಉತ್ತರ ಕೊಟ್ಟು ಮರುತ್ತರ ಪಡೆಯಲು ವಾರಗಳು ಹಿಡಿಯುತ್ತಿದ್ದವು.

ದ್ವೀಪದ ಒಳಗಿನ ಸುದ್ದಿಗೆ ಬೇರೆಯದೇ ಪಂಚಾಂಗವಿತ್ತು. ಕಾಲಿಮ್ನೋಸ್‌ನಲ್ಲಿ ಈಸ್ಟರ್ ಹಬ್ಬ ಕಳೆದೊಡನೆ ಸ್ಪಂಜು ತೆಗೆಯುವ ಗಂಡಸರು ದೋಣಿಗಳಲ್ಲಿ ಆಫ್ರಿಕಾದ ಉತ್ತರ ಕರಾವಳಿಯತ್ತ ಹೊರಟು ಶರತ್ಕಾಲದಲ್ಲಿ ಮರಳುತ್ತಿದ್ದರು. ಆಳದಿಂದ ಅವಸರದಲ್ಲಿ ಮೇಲೇರಿದರೆ ರಕ್ತದಲ್ಲಿ ಸಾರಜನಕದ ಗುಳ್ಳೆಗಳು ಉಂಟಾಗಿ ಸಾವು ಅಥವಾ ಪಾರ್ಶ್ವವಾಯು ಬರುತ್ತಿತ್ತು. ಯಾರು ಮರಳಿದರು, ಯಾರು ಕಾಲಿನ ಬಲ ಕಳೆದುಕೊಂಡು ಬಂದರು ಎಂಬುದಕ್ಕಿಂತ ದೊಡ್ಡ ಸುದ್ದಿ ಆ ಊರಿಗೆ ಬೇರೊಂದಿರಲಿಲ್ಲ. ಇದೇ ಜನರ ಮಾತುಗಳನ್ನು ಆಲಿಸಿದ ಅಮೆರಿಕದ ಕವಿ ರಾಬರ್ಟ್ ಲ್ಯಾಕ್ಸ್, ಕಾಲಿಮ್ನೋಸ್‌ನಲ್ಲೂ ಬಳಿಕ ಪಾಟ್ಮೋಸ್‌ನಲ್ಲೂ ದಶಕಗಳ ಕಾಲ ಬಾಳಿ, ಸಾಲಿಗೆ ಒಂದೆರಡೇ ಪದಗಳಿರುವ ನೀಳ ಕವಿತೆಗಳನ್ನೂ ದಿನಚರಿಗಳನ್ನೂ ಬರೆದರು.

ಸುದ್ದಿಯನ್ನೇ ವೃತ್ತಿಯಾಗಿ ಮಾಡಿದವರೂ ಇದ್ದಾರೆ. ಎರಡನೆಯ ಮಹಾಯುದ್ಧ ಮುಗಿದ 1945ರಲ್ಲಿ ಬ್ರಿಟಿಷ್ ಆಡಳಿತದ ಮಾಹಿತಿ ಅಧಿಕಾರಿಯಾಗಿ ರೋಡ್ಸ್‌ಗೆ ಬಂದ ಇಂಗ್ಲಿಷ್ ಲೇಖಕ ಲಾರೆನ್ಸ್ ಡರೆಲ್, ಗ್ರೀಕ್, ಇಟಾಲಿಯನ್ ಮತ್ತು ತುರ್ಕಿ ಭಾಷೆಗಳಲ್ಲಿ ಪತ್ರಿಕೆ ಹೊರಡಿಸುವ ಹೊಣೆ ಹೊತ್ತಿದ್ದರು. ರೋಡ್ಸ್ ಸೇರಿದ, 1912ರಿಂದ ಇಟಲಿಯ ಕೈಯಲ್ಲಿದ್ದ ದೊಡೆಕನೀಸ್ ದ್ವೀಪಸಮೂಹ ವಿಧಿವತ್ತಾಗಿ ಗ್ರೀಸಿಗೆ ಸೇರಿದ್ದು 1948ರಲ್ಲಿ. ರೋಡ್ಸ್ ಚಿಕ್ಕ ದ್ವೀಪವೇನಲ್ಲವಾದರೂ ಈ ಪ್ರಸಂಗವನ್ನು ಬಿಡಲು ಮನಸ್ಸಾಗಲಿಲ್ಲ.

ಪ್ರಶ್ನೆ: ನೀವು ಹೇಳಿದವರೆಲ್ಲ ಹೊರಗಿನವರು. ಗ್ರೀಕರಿಗೆ ದ್ವೀಪದ ಬದುಕು ಹೀಗೆಯೇ ಒದಗಿತೆ?

ಉತ್ತರ: ಇಲ್ಲ. ಈ ಪ್ರಶ್ನೆಯನ್ನು ಕೇಳಿದ್ದಕ್ಕೆ ಸಂತೋಷವಾಯಿತು. ಸ್ಕಿಯಾಥೋಸ್ ದ್ವೀಪದ ಪಾದ್ರಿಯೊಬ್ಬರ ಮಗನಾಗಿ 1851ರಲ್ಲಿ ಹುಟ್ಟಿದ ಅಲೆಕ್ಸಾಂದ್ರೋಸ್ ಪಪಾದಿಯಮಾಂಡಿಸ್, ತಮ್ಮ ದ್ವೀಪದ ಮೀನುಗಾರರು, ವಿಧವೆಯರು, ವಲಸೆ ಹೋದವರ ತಾಯಂದಿರನ್ನು ಕುರಿತ ಕಥೆಗಳಲ್ಲಿ ಬಹುಪಾಲನ್ನು ಬರೆದದ್ದು ದ್ವೀಪದಲ್ಲಿ ಅಲ್ಲ, ಅಥೆನ್ಸಿನಲ್ಲಿ, ಪತ್ರಿಕೆಗಳಿಗೆ ಅನುವಾದ ಮಾಡಿ ಹೊಟ್ಟೆ ಹೊರೆಯುತ್ತ. ನಿರೂಪಣೆಗೆ ಪಂಡಿತರ ಭಾಷೆಯನ್ನೂ ಸಂಭಾಷಣೆಗೆ ದ್ವೀಪದ ಆಡುಮಾತನ್ನೂ ಬಳಸಿದ ಅವರು 1908ರಲ್ಲಿ ಊರಿಗೆ ಮರಳಿ 1911ರಲ್ಲಿ ತೀರಿಕೊಂಡರು. ದ್ವೀಪದಲ್ಲಿ ಹುಟ್ಟಿದವನಿಗೆ ಅಲ್ಲಿ ಅನ್ನ ಹುಟ್ಟಲಿಲ್ಲ. ಹೊರಗಿನ ಹಣ ತಂದವನಿಗೆ ಅದೇ ಕಡಲು ಅಗ್ಗದ ಸ್ವರ್ಗವಾಯಿತು.

ಕ್ರೀಟ್‌ನ ನಿಕೋಸ್ ಕಜಾಂಟ್‌ಜಾಕಿಸ್ ಅಥೆನ್ಸಿಗೆ ಹತ್ತಿರದ ಏಜಿನಾದಲ್ಲಿ ಮನೆ ಕಟ್ಟಿಕೊಂಡರು. 33,333 ಸಾಲುಗಳ ಮಹಾಕಾವ್ಯವನ್ನು 1938ರಲ್ಲಿ ಹೊರತಂದ ಅವರು, ಜರ್ಮನ್ ಆಕ್ರಮಣ ತಂದ ಹಸಿವಿನ ವರ್ಷಗಳಲ್ಲಿ ಜೋರ್ಬಾ ಎಂಬವನ ಕಥೆ ಹೇಳುವ ಕಾದಂಬರಿಯನ್ನು ಬರೆದದ್ದೂ ಆ ದ್ವೀಪದಲ್ಲಿಯೇ. ಇನ್ನು ಯಾನಿಸ್ ರಿಟ್ಸೋಸ್ ಅವರನ್ನಂತೂ ದ್ವೀಪಕ್ಕೆ ಕಳಿಸಿದ್ದು ಸರಕಾರ. ಎಡಪಂಥೀಯರೆಂಬ ಕಾರಣಕ್ಕೆ 1948ರಿಂದ 1952ರವರೆಗೆ ಲೆಮ್ನೋಸ್, ಮಕ್ರೊನಿಸೋಸ್, ಆಯ್ ಸ್ಟ್ರಾಟಿಸ್‌ಗಳ ಬಂಧನ ಶಿಬಿರಗಳಲ್ಲಿದ್ದ ಈ ಕವಿ, ಮಕ್ರೊನಿಸೋಸ್‌ನಲ್ಲಿ ಬರೆದ ಕವಿತೆಗಳನ್ನು ಶೀಶೆಗಳಲ್ಲಿಟ್ಟು ನೆಲದಲ್ಲಿ ಹೂತು ಉಳಿಸಿಕೊಂಡರು. 1967ರಲ್ಲಿ ಸೇನೆ ಅಧಿಕಾರ ಹಿಡಿದಾಗ ಅವರನ್ನು ಮತ್ತೆ ದ್ವೀಪಗಳಿಗೆ ಅಟ್ಟಲಾಯಿತು. ಬಿಳಿ ಗೋಡೆ, ನೀಲಿ ಕಿಟಕಿಯ ಚಿತ್ರಗಳನ್ನು ನೋಡುವಾಗ ಈ ಇತಿಹಾಸವೂ ನೆನಪಿರಲಿ.

ಪ್ರಶ್ನೆ: ಉದ್ಯೋಗ ಬಿಟ್ಟು ಅಂಥ ದ್ವೀಪವೊಂದರಲ್ಲಿ ಒಂದು ವರ್ಷ ಕೂತು ಕಾದಂಬರಿ ಬರೆಯಬೇಕೆಂದಿದ್ದೇನೆ. ನಿಮ್ಮ ಸಲಹೆಯೇನು?

ಉತ್ತರ: 1,500 ಡಾಲರಿನ ಮನೆಗಳ ಕಾಲ ಮುಗಿದಿದೆ. ಐರೋಪ್ಯ ಒಕ್ಕೂಟದ ಹೊರಗಿನವರು ಅಲ್ಪಾವಧಿಯ ವೀಸಾದಲ್ಲಿ ಯಾವುದೇ 180 ದಿನಗಳ ಅವಧಿಯೊಳಗೆ 90 ದಿನಗಳಿಗಿಂತ ಹೆಚ್ಚು ಇರುವಂತಿಲ್ಲ. ಹೊರದೇಶದ ಸಂಸ್ಥೆಗಳಿಗೆ ದೂರದಿಂದ ಕೆಲಸ ಮಾಡುವವರಿಗಾಗಿ 2021ರ ಕಾನೂನು ತಂದ ವೀಸಾಕ್ಕೆ ತಿಂಗಳಿಗೆ 3,500 ಯೂರೋ ಆದಾಯ ತೋರಿಸಬೇಕು. ಉದ್ಯೋಗ ಬಿಟ್ಟವರಿಗೆ ಅದು ಒಗ್ಗುವುದಿಲ್ಲ. ಆದ್ದರಿಂದ ಉದ್ಯೋಗ ಬಿಡಬೇಡಿ, ರಜೆ ಕೇಳಿ. ಬೇಸಿಗೆಯಲ್ಲಿ ಪ್ರವಾಸಿಗರ ನೂಕುನುಗ್ಗಲು ಇರುವುದರಿಂದ ನವೆಂಬರಿನಿಂದ ಮಾರ್ಚಿನವರೆಗಿನ ಅವಧಿಯಲ್ಲಿ, 90 ದಿನ ಮೀರದಂತೆ, ಹೋಗುವುದು ಲೇಸು. ಬಾಡಿಗೆ ಇಳಿದಿರುತ್ತದೆ, ಅರ್ಧಕ್ಕರ್ಧ ಹೋಟೆಲುಗಳು ಮುಚ್ಚಿರುತ್ತವೆ, ಕಲ್ಲಿನ ಮನೆಗಳು ವಿಪರೀತ ತಣ್ಣಗಿರುತ್ತವೆ. ಗಾಳಿಯ ಬಲ ಬೋಫರ್ಟ್ ಮಾಪನದಲ್ಲಿ 8ನ್ನು, ಎಂದರೆ ಬಿರುಗಾಳಿಯ ಮಟ್ಟವನ್ನು, ಮುಟ್ಟಿದರೆ ಸಾಮಾನ್ಯವಾಗಿ ಹಡಗುಗಳು ಬಂದರು ಬಿಟ್ಟು ಕದಲುವುದಿಲ್ಲವಾದ್ದರಿಂದ, ಮರಳುವ ವಿಮಾನದ ಟಿಕೆಟನ್ನು ದ್ವೀಪ ಬಿಡುವ ದಿನಕ್ಕೇ ಕಾಯ್ದಿರಿಸದೆ ಎರಡು ದಿನ ತಡವಾಗಿ ಇಟ್ಟುಕೊಳ್ಳಿ.