ನಿಮ್ಮ ತಮ್ಮ ನಾಟಕ ಮಾಡುತ್ತಿಲ್ಲ

ತಮ್ಮ ಕೋವಿಡ್ ಪೂರ್ತಿ ಆಂಬುಲೆನ್ಸ್‌ನಲ್ಲಿ ಗಟ್ಟಿಯಾಗಿಯೇ ದುಡಿದ, ಎಲ್ಲ ಮುಗಿದ ಮೇಲೆ ಈಗ ನಿದ್ದೆ ಇಲ್ಲ, ಸಣ್ಣದಕ್ಕೂ ಸಿಡುಕುತ್ತಾನೆ, ಇದು ನಾಟಕವಾ ಅಂತ ಕೇಳಿದ್ದೀರಿ. ಖಂಡಿತ ಅಲ್ಲ. ನಾನೂ ಅದೇ ಕೆಲಸ ಮಾಡಿದವನು.

ಓಡಾಟದಲ್ಲಿರುವಾಗ ಕುಸಿದು ಕೂರಲು ಪುರುಸೊತ್ತೇ ಇರುವುದಿಲ್ಲ. ಎಷ್ಟೋ ಸಲ ಒತ್ತಡ ಇಳಿದ ಮೇಲೇ ಎಲ್ಲ ಹೊರಗೆ ಬರುವುದು. 2003ರಲ್ಲಿ ಸಾರ್ಸ್ ಅನ್ನುವ ಉಸಿರಾಟದ ಸೋಂಕು ಹರಡಿದಾಗ ಕೆನಡಾದ ಟೊರಾಂಟೊದಲ್ಲಿ ದುಡಿದ ಆಸ್ಪತ್ರೆ ಸಿಬ್ಬಂದಿಗೆ ಒಂದೆರಡು ವರ್ಷ ಕಳೆದ ಮೇಲೂ ಬಳಲಿಕೆ, ಸಂಕಟ ಜಾಸ್ತಿಯೇ ಇತ್ತು.

ಕೆಲಸ ಹೆಚ್ಚಾಯಿತು ಅನ್ನುವುದಷ್ಟೇ ಅಲ್ಲ. ಒಬ್ಬ ಅಜ್ಜಿ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದ್ದಾರೆ. ಯಜಮಾನರನ್ನು ಸ್ಟ್ರೆಚರ್ ಮೇಲೆ ಮಲಗಿಸಿದ್ದೆವು, ತಾನೂ ಬರುತ್ತೇನೆ ಅಂತ ಅಜ್ಜಿ ಗಾಡಿಯ ಬಾಗಿಲು ಹಿಡಿದುಕೊಂಡರು, ಹತ್ತಿಸಿಕೊಳ್ಳುವ ಹಾಗಿರಲಿಲ್ಲ, ಅವರ ಬೆರಳುಗಳನ್ನು ಒಂದೊಂದಾಗಿ ನಾನೇ ಬಿಡಿಸಿದೆ. ಮಾಸ್ಕ್ ಒಳಗಿಂದ ಹೇಳಿದ ಸಮಾಧಾನ ಅವರಿಗೆ ಕೇಳಿಸಿತೋ ಇಲ್ಲವೋ. ನಿಯಮ ಪಾಲಿಸಿದ್ದೆ, ಆದರೂ ತಪ್ಪು ಮಾಡಿದೆ ಅನ್ನುವ ಕೊರಗು ಹೋಗಲಿಲ್ಲ. ಇದನ್ನು ತಜ್ಞರು ನೈತಿಕ ಗಾಯ ಅನ್ನುತ್ತಾರೆ. ಸುಮ್ನೆ ನಾಲ್ಕು ದಿನ ರಜೆ ಹಾಕಿದರೆ ವಾಸಿಯಾಗುವಂಥದ್ದಲ್ಲ. ಮನೆಯವರಿಗೆ ಸೋಂಕು ತಂದುಬಿಡುತ್ತೇನೇನೋ ಅನ್ನುವ ಭಯ ಬೇರೆ.

ದಯವಿಟ್ಟು 'ಮುಗೀತಲ್ಲ, ಮರೆತುಬಿಡು' ಅನ್ನಬೇಡಿ. ಪಕ್ಕದಲ್ಲಿ ಕೂತು ಕೇಳಿ, ಒತ್ತಾಯ ಬೇಡ. ಜೊತೆಗೆ ದುಡಿದವರ ಹತ್ತಿರ ಮಾತು ಬೇಗ ಬರುತ್ತದೆ, ಅವರನ್ನು ಮನೆಗೆ ಕರೆಯಿರಿ. ಕುಡಿತ ಹೆಚ್ಚಾದರೆ, ಸೈರನ್ ಕೇಳಿ ಬೆಚ್ಚಿದರೆ ಮನೋವೈದ್ಯರಿಗೆ ತೋರಿಸಿ. ಬದುಕೇ ಬೇಡ ಅಂದರೆ ಆ ದಿನವೇ ಕರೆದುಕೊಂಡು ಹೋಗಿ, ಒಂಟಿಯಾಗಿ ಬಿಡಬೇಡಿ. ನನಗೇನು ಹುಚ್ಚಾ ಅಂತ ಅವನು ಹಿಂಜರಿದರೆ, ನಿದ್ದೆಗೆ ತೋರಿಸೋಣ ಬಾ ಅನ್ನಿ. ನಾನೂ ಹಾಗೇ ಹೋಗಿದ್ದೆ.